ಕುರಿಗಳ ಆನುವಂಶಿಕ ವೈವಿಧ್ಯ ಮತ್ತು ಮಾಂಸೋತ್ಪಾದನೆ



ಒಂದೇ ಬಯಲಿನಲ್ಲಿ ಮೇಯ್ದು ಬೆಳೆದ ಮರಿಗಳೆಲ್ಲವೂ ಒಂದೇ ತೂಕಕ್ಕೆ ಬರುವುದಿಲ್ಲವೆಂಬುದು ಕುರಿಗಾರರೆಲ್ಲರ ಅನುಭವ. ಮೇವು, ತಾಯಿಯ ಹಾಲು, ರೋಗರುಜಿನಗಳು ಈ ಅಂತರಕ್ಕೆ ಒಂದು ಕಾರಣವಾದರೆ, ತಂದೆತಾಯಿಗಳಿಂದ ಬಂದ ವಂಶವಾಹಿಗಳು ಇನ್ನೊಂದು ಕಾರಣ. ಈ ಆನುವಂಶಿಕ ವ್ಯತ್ಯಾಸವೇ ತಳಿ ಸುಧಾರಣೆಯ ಮೂಲಧನ. ವ್ಯತ್ಯಾಸವಿಲ್ಲದೆಡೆ ಆಯ್ಕೆಗೆ ಅವಕಾಶವೇ ಇಲ್ಲ.

ಮರಿಯ ಬೆಳವಣಿಗೆ ಮತ್ತು ಮೈಕಟ್ಟು ಅನೇಕ ವಂಶವಾಹಿಗಳ ಒಟ್ಟು ಪರಿಣಾಮ. ಇವು ಸಾಧಾರಣ ಪ್ರಮಾಣದಲ್ಲಿ ಸಂತತಿಗೆ ಇಳಿಯುವುದರಿಂದ ಉತ್ತಮ ಟಗರನ್ನು ಆರಿಸಿದಲ್ಲಿ ಫಲ ಕ್ರಮೇಣ ಕಾಣುತ್ತದೆ. ಆದರೆ ಒಂದು ಸೂಲಿಗೆ ಎಷ್ಟು ಮರಿಗಳೆಂಬ ಗುಣ ಸಾಮಾನ್ಯವಾಗಿ ಅಷ್ಟು ಸುಲಭವಾಗಿ ಇಳಿದು ಬರುವುದಿಲ್ಲ.

ಇದಕ್ಕೊಂದು ಅಪವಾದವಿದೆ. ಪಶ್ಚಿಮ ಬಂಗಾಳದ ಸುಂದರಬನದ ಗರೋಲ್ ಕುರಿ ಗಾತ್ರದಲ್ಲಿ ಅತಿ ಚಿಕ್ಕದಾದರೂ ಅವಳಿ ಮರಿಗಳನ್ನು ಈಯುವುದರಲ್ಲಿ ಹೆಸರಾದುದು. ಇದೇ ಗುಣ ಆಸ್ಟ್ರೇಲಿಯಾದ ಬೂರೂಲಾ ಮೆರಿನೊ ಕುರಿಗಳಲ್ಲಿಯೂ ಇದ್ದು, ಅಲ್ಲಿಗೆ ಅದು 18ನೆಯ ಶತಮಾನದ ಕೊನೆಯಲ್ಲಿ ಬಂಗಾಳದಿಂದ ಹೋದ ಕುರಿಗಳ ಮೂಲಕ ತಲುಪಿತೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಒಂದೇ ವಂಶವಾಹಿಯಲ್ಲಿ ಒಂದೇ ಅಕ್ಷರದಷ್ಟು ಬದಲಾವಣೆ ಇದಕ್ಕೆ ಕಾರಣವೆಂಬುದು 2001ರಲ್ಲಿ ಖಚಿತವಾಯಿತು. ಅಂದಿನಿಂದ ರಕ್ತಪರೀಕ್ಷೆಯ ಮೂಲಕ ಆ ಗುಣವಿರುವ ಟಗರನ್ನು ಎಳೆಯ ವಯಸ್ಸಿನಲ್ಲಿಯೇ ಗುರುತಿಸಲು ಸಾಧ್ಯವಾಗಿದೆ.

ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣಗಳ ಒಣಬಯಲಿನ ದಖ್ಖನಿ ಕುರಿ ದೂರ ನಡೆಯಬಲ್ಲದು, ಬರವನ್ನು ತಾಳಬಲ್ಲದು. ಆದರೆ ಸಾಮಾನ್ಯವಾಗಿ ಒಂದೇ ಮರಿ ಈಯುತ್ತದೆ. ಸಾತಾರಾ ಜಿಲ್ಲೆಯ ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯು ಗರೋಲ್‌ನ ಈ ವಂಶವಾಹಿಯನ್ನು ದಖ್ಖನಿ ಕುರಿಗೆ ಸಂಕರದ ಮೂಲಕ ತಂದು, ಮಾಂಸಲ ಮೈಕಟ್ಟಿಗೆ ಹೆಸರಾದ ನಮ್ಮ ಬನ್ನೂರು ಕುರಿಯನ್ನೂ ಬಳಸಿಕೊಂಡು, 'ನಾರಿ ಸುವರ್ಣ' ಎಂಬ ತಳಿಯನ್ನು ರೂಪಿಸಿತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಹಾಗೂ ಆಸ್ಟ್ರೇಲಿಯಾದ ವಿಜ್ಞಾನಿಗಳು ಈ ಕಾರ್ಯದಲ್ಲಿ ಸಹಕರಿಸಿದರು.

ಅವಳಿ ಮರಿಗಳೆಂದ ಮಾತ್ರಕ್ಕೆ ಲಾಭ ಇಮ್ಮಡಿಯಾಗದು. ಅವು ಹುಟ್ಟುವಾಗ ಕಡಿಮೆ ತೂಗುತ್ತವೆ. ತಾಯಿಗೆ ಗಬ್ಬದ ಕೊನೆಯ ದಿನಗಳಲ್ಲಿಯೂ ಹಾಲೂಡುವ ಕಾಲದಲ್ಲಿಯೂ ಹೆಚ್ಚಿನ ಮೇವು ಬೇಕು. ಅದನ್ನು ಒದಗಿಸಲಾಗದ ಕಡೆ ಎರಡನೆಯ ಮರಿ ಉಳಿಯುವುದು ಕಷ್ಟ. ಒದಗಿಸಬಲ್ಲವರಿಗೆ ಮಾತ್ರ ಈ ತಳಿ ವರವಾದೀತು.

ಪ್ರತಿಯೊಬ್ಬ ಕುರಿಗಾರನೂ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಬೇಗ ಕೊಬ್ಬುವ ಗಂಡುಮರಿಗೆ ಸಂತೆಯಲ್ಲಿ ಮೊದಲು ಬೆಲೆ ಬರುತ್ತದೆ. ಹಣದ ಅಡಚಣೆಯಲ್ಲಿ ಅದನ್ನೇ ಮಾರಿ, ಉಳಿದ ಸಣಕಲು ಮರಿಯನ್ನು ಬೀಜದ ಟಗರಾಗಿ ಇಟ್ಟುಕೊಂಡರೆ ಹಿಂಡು ತಲೆಮಾರಿನಿಂದ ತಲೆಮಾರಿಗೆ ಕುಗ್ಗುತ್ತ ಹೋಗುತ್ತದೆ. ಹಿಂಡಿನ ಅತ್ಯುತ್ತಮ ಗಂಡುಮರಿಯೊಂದನ್ನು ಮಾರದೆ ಉಳಿಸಿಕೊಳ್ಳುವುದು ಯಾವ ಪ್ರಯೋಗಾಲಯವೂ ಇಲ್ಲದೆ ಸಾಧ್ಯವಾಗುವ ತಳಿ ಸುಧಾರಣೆ.

ಹದಿನೈದು ಕಿಲೋ ಕೂಡ ತೂಗದ ಗರೋಲ್ ಕುರಿಯನ್ನು ನಿಷ್ಪ್ರಯೋಜಕವೆಂದು ಎಂದೋ ಕಡೆಗಣಿಸಿದ್ದರೆ ಈ ವಂಶವಾಹಿ ದಖ್ಖನಿನ ಕುರಿಗಾರನಿಗೆ ದೊರೆಯುತ್ತಿರಲಿಲ್ಲ. ನಾಡತಳಿಗಳನ್ನು ಅವುಗಳ ಶುದ್ಧ ರೂಪದಲ್ಲಿ ಉಳಿಸಿಕೊಳ್ಳುವುದು ಈ ಕಾರಣಕ್ಕಾಗಿಯೇ ಅಗತ್ಯ.