ಮೈಯೊಳಗಿನ ಕಾವಲುಗಾರರು ಮತ್ತು ಕ್ಷಯರೋಗ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪಂಪನ ಮಾತನ್ನೋ ಶರಣರ ಮಾತನ್ನೋ ಆಡಬೇಕಾದ ಕನ್ನಡ ಪಂಡಿತನು ಕ್ಷಯರೋಗದ ಮಾತನ್ನು ಎತ್ತಿಕೊಂಡುದಕ್ಕೆ ತಾವು ಅಚ್ಚರಿಪಡಬಹುದು. ನಾವು ವೈದ್ಯರಲ್ಲ, ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡವರು. ಇದಕ್ಕೆ ಕಾರಣನಾದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಆತನ ತಂದೆ ಕ್ಷಯಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿದ್ದವರು. ಎರಡು ತಿಂಗಳಲ್ಲಿ ಮೈಗೆ ಕಸುವು ಬಂದಿತು, ದೀಪಾವಳಿ ಕಳೆದೊಡನೆ ಕಬ್ಬು ಕಡಿಯಲು ಪಡುವಣಕ್ಕೆ ಹೋದರು, ಗುಳಿಗೆ ನಿಂತವು. ಹೋಳಿಯ ಹೊತ್ತಿಗೆ ಕೆಮ್ಮುತ್ತ ಮರಳಿದರು. “ಗುರುಗಳೇ, ಅಪ್ಪಗ ಪೂರಾ ಆರಾಮ ಆಗಿತ್ತು. ಮತ್ತ ಯಾಕ ಬಂತು?” ಎಂದು ಹುಡುಗ ಕೇಳಿದನು. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ.

ಜಾಲಿಯ ಮುಳ್ಳು ತುಳಿಯದ ಕಾಲು ನಮ್ಮ ಜತ್ತ ಸೀಮೆಯಲ್ಲಿ ಇರಲಾರದು. ಮುಳ್ಳು ಒಳಗೆ ಮುರಿದುಳಿದರೆ ಬೆಳಗಾಗುವದರೊಳಗೆ ಆ ಜಾಗವು ಕೆಂಪಾಗಿ, ಬಿಸಿಯಾಗಿ, ಬಾತು, ನೋಯತೊಡಗುವದು. ಈ ನಾಲ್ಕು ಲಕ್ಷಣಗಳನ್ನು ರೋಮದ ಸೆಲ್ಸಸ್ ಎಂಬವನು ಕ್ರಿ. ಶ. ಒಂದನೆಯ ಶತಮಾನದಲ್ಲಿಯೇ ಹೇಳಿಟ್ಟಿರುವನು. ನಮ್ಮ ಭಾಷೆಯು ಅವುಗಳೊಳಗಿನ ಎರಡನ್ನು ಕೂಡಿಸಿ ‘ಉರಿಯೂತ’ ಎಂದಿತು. ಮುಳ್ಳು ಚುಚ್ಚಿದೆಡೆಯಲ್ಲಿ ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳ ಗೋಡೆ ಸಡಿಲಾಗುವದು. ಆ ಸಂದಿನಿಂದ ಬಿಳಿಯ ರಕ್ತಕಣಗಳು ಹೊರನುಸುಳಿ ಬರುವವು. ಮೊದಲು ಬರುವವು ನ್ಯೂಟ್ರೋಫಿಲ್ ಎಂಬ ಕಣಗಳು. ಕ್ರಿಮಿಗಳನ್ನು ನುಂಗಿ ತಾವೂ ಮಡಿಯುವವು. ಕೀವೆಂಬುದು ಬಹುಮಟ್ಟಿಗೆ ಈ ಮಡಿದವರ ರಾಶಿಯೇ. ಅವುಗಳ ಬೆನ್ನಿಗೆ ಬರುವ ಮಹಾಭಕ್ಷಕ ಕಣಗಳು ಕ್ರಿಮಿಗಳನ್ನೂ ಸತ್ತ ಕಣಗಳನ್ನೂ ತಿಂದು ಕಳವನ್ನು ಹಸನು ಮಾಡುವವು.

ಇದನ್ನು ಮೊದಲು ಕಂಡುಕೊಂಡವನೂ ಮುಳ್ಳಿನಿಂದಲೇ ಕಂಡುಕೊಂಡನು. ರಶಿಯಾ ದೇಶದ ಮೆಚ್ನಿಕೋಫ್ 1882ರಲ್ಲಿ ಸಿಸಿಲಿ ದ್ವೀಪದ ಮೆಸಿನಾ ಊರಲ್ಲಿದ್ದಾಗ ನಕ್ಷತ್ರಮೀನಿನ ಪಾರದರ್ಶಕವಾದ ಮರಿಯೊಳಗೆ ಸಣ್ಣ ಮುಳ್ಳನ್ನು ಚುಚ್ಚಿಟ್ಟನು. ಮರುದಿನ ನೋಡಲಾಗಿ ಅಲೆದಾಡುವ ಕಣಗಳು ಆ ಮುಳ್ಳನ್ನು ಸುತ್ತುಗಟ್ಟಿದ್ದವು. ಆತನಿಗೆ 1908ರಲ್ಲಿ, ಎರ್ಲಿಕ್ ಎಂಬ ಜರ್ಮನ್ ವಿಜ್ಞಾನಿಯ ಜೊತೆಯಲ್ಲಿ, ನೋಬೆಲ್ ಪಾರಿತೋಷಕ ದೊರೆಯಿತು. ಈ ಮಹನೀಯನ ಮೊದಲ ಹೆಂಡತಿಯು 1873ರಲ್ಲಿ ಕ್ಷಯದಿಂದಲೇ ತೀರಿಕೊಂಡಿದ್ದಳೆಂಬುದನ್ನು ಓದಿದಾಗ ನಾವು ಪುಸ್ತಕವನ್ನು ತುಸು ಹೊತ್ತು ಮುಚ್ಚಿಟ್ಟೆವು. ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ಸಂಗತಿಯನ್ನು ರಾಬರ್ಟ್ ಕೋಖ್‌ನು ಬರ್ಲಿನ್ನಿನಲ್ಲಿ ಸಾರಿದ್ದೂ ಅದೇ 1882ರ ಮಾರ್ಚ್ 24ರಂದು.

ಹಾಗಾದರೆ ನುಂಗುವ ಕಣಗಳಿದ್ದೂ ಕ್ಷಯವೇಕೆ ಬರುವದು? ರೋಗಿಯು ಕೆಮ್ಮಿದಾಗ ಹೊರಟ ಸೂಕ್ಷ್ಮ ಹನಿಗಳು ಇನ್ನೊಬ್ಬರ ಪುಪ್ಪುಸದ ಗಾಳಿಚೀಲಗಳನ್ನು ತಲುಪುವವು. ಅಲ್ಲಿ ಕಾವಲಿದ್ದ ಮಹಾಭಕ್ಷಕ ಕಣವು ಕ್ರಿಮಿಯನ್ನು ನುಂಗುವದು ದಿಟ. ಆದರೆ ನುಂಗಿದ್ದನ್ನು ಅರಗಿಸುವ ಆಮ್ಲವು ತನ್ನೆಡೆಗೆ ಬರದಂತೆ ತಡೆಯುವ ವಿದ್ಯೆ ಈ ಕ್ರಿಮಿಗಿದೆ. ಕೊಲ್ಲಲು ಬಂದವನ ಹೊಟ್ಟೆಯನ್ನೇ ಮನೆ ಮಾಡಿಕೊಂಡು ಅದು ಅಲ್ಲಿಯೇ ಬೆಳೆಯುವದು. ಕೆಲವು ವಾರಗಳ ತರುವಾಯ ಟಿ-ಕಣಗಳೆಂಬ ಬೇರೊಂದು ಜಾತಿಯ ರಕ್ಷಕ ಕಣಗಳು ಬಂದು, ಗಾಮಾ ಇಂಟರ್ಫೆರಾನ್ ಎಂಬ ರಸದ ಮೂಲಕ ಮಹಾಭಕ್ಷಕಗಳನ್ನು ಹುರಿದುಂಬಿಸುವವು. ಆಗ ಅವುಗಳ ಕೊಲ್ಲುವ ಶಕ್ತಿ ಹೆಚ್ಚುವದು. ಎಚ್.ಐ.ವಿ. ಸೋಂಕು ಈ ಟಿ-ಕಣಗಳನ್ನೇ ನಾಶಮಾಡುವದರಿಂದ ಅಂಥವರಿಗೆ ಕ್ಷಯದ ಭಯ ಬಹಳ.

ಎಷ್ಟು ಹೋರಾಡಿದರೂ ಕೆಲವು ಕ್ರಿಮಿಗಳು ಉಳಿಯುವವು. ಅವುಗಳ ಸುತ್ತಲೂ ರಕ್ಷಕ ಕಣಗಳು ಒತ್ತೊತ್ತಾಗಿ ನಿಂತು ಗಂಟು ಕಟ್ಟುವವು. ಇದನ್ನು ತಿಳಿಯಲು ನಮ್ಮ ಹಿರಿಯರ ಹಗೇವನ್ನು ನೆನೆದರೆ ಸಾಕು. ನೆಲದೊಳಗೆ ಜೋಳ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಹಾಗೆಯೇ ಇರುತ್ತಿತ್ತು. ಬಾಯಿ ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗೆ ಪ್ರಾಣವಾಯು ಇರದೆಂಬುದು ಎಲ್ಲರಿಗೂ ತಿಳಿದಿತ್ತು. ಈ ಗಂಟಿನ ನಡುವೆಯೂ ಪ್ರಾಣವಾಯು ಅತಿ ವಿರಳ. ಅಲ್ಲಿಯ ಕ್ರಿಮಿಗಳು ಸಾಯದೆ, ಬೆಳೆಯದೆ ನಿದ್ರಿಸುವವು. ಜಗತ್ತಿನ ಜನರಲ್ಲಿ ಸುಮಾರು ಕಾಲುಪಾಲು ಮಂದಿಗೆ ಈ ಕ್ರಿಮಿಯ ಸೋಂಕು ತಗಲಿದೆಯೆಂದು ಅಂದಾಜು. ಅವರೊಳಗೆ ಆಯುಷ್ಯದಲ್ಲಿ ಎಂದಾದರೊಮ್ಮೆ ರೋಗಕ್ಕೆ ಈಡಾಗುವವರು ನೂರಕ್ಕೆ 5ರಿಂದ 10 ಜನ.

ಹಗೇವು ಒಡೆದರೆ? ಗಂಟಿನ ಒಡಲು ಸತ್ತು ಗಿಣ್ಣದಂತೆ ಮೆತ್ತಗಾಗುವದು. ಆಗ ಪುಪ್ಪುಸವನ್ನು ತಿನ್ನುವವು ಕ್ರಿಮಿಗಳಿಗಿಂತ ಹೆಚ್ಚಾಗಿ ನಮ್ಮ ಕಣಗಳು ಸುರಿದ ತೀಕ್ಷ್ಣ ರಸಗಳೇ ಎಂಬುದು ವಿಚಾರಕ್ಕೆ ಹಚ್ಚುವ ಮಾತು. ಶತ್ರುವನ್ನು ಸುಡಲು ಹಚ್ಚಿದ ಬೆಂಕಿಗೆ ಮನೆಯ ತೊಲೆಯೇ ಉರಿದಂತೆ. ಅಲ್ಲಿ ಕುಹರವಾಗಿ, ಗಾಳಿ ದೊರೆತು, ಕ್ರಿಮಿಗಳು ಎಚ್ಚೆತ್ತು ಕೋಟಿಗಟ್ಟಲೆ ಹೆಚ್ಚಿ, ಕೆಮ್ಮಿನೊಡನೆ ಹೊರಬೀಳುವವು. ಸಂಜೆಯ ಜ್ವರವೂ, ದಿನದಿನಕ್ಕೆ ಮೈ ಸೊರಗುವದೂ ಬಹುಪಾಲು ಈ ಉರಿಯೂತದ ರಸಗಳ ಕೆಲಸವೇ. ದಕ್ಷನ ಶಾಪದಿಂದ ಚಂದ್ರನು ರಾಜಯಕ್ಷ್ಮ ಹಿಡಿದು ಕ್ಷಯಿಸಿದ ಕಥೆಯನ್ನು ಕಟ್ಟಿದವರು ರೋಗಿಯ ಮೈಯನ್ನು ಚೆನ್ನಾಗಿ ನೋಡಿದ್ದರು. ಶಾಪದ ಮಾತನ್ನು ಮಾತ್ರ ನಾವಿನ್ನು ಬಿಡಬೇಕು; ಏಕೆಂದರೆ ಅದೇ ಭಾವನೆಯಿಂದ ಹುಡುಗನ ತಂದೆ, ಮಗಳ ಸಂಬಂಧ ಕೆಟ್ಟೀತೆಂದು ಅಂಜಿ, ಕಬ್ಬಿನ ಟೋಳಿಯವರೆದುರು ಗುಳಿಗೆಯ ಚೀಟಿಯನ್ನು ಬಚ್ಚಿಟ್ಟಿದ್ದರು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಔಷಧಗಳು ಬೆಳೆಯುತ್ತಿರುವ ಕ್ರಿಮಿಗಳನ್ನು ಬೇಗನೆ ಕೊಲ್ಲುವವು. ಅದರಿಂದಲೇ ಎರಡು ತಿಂಗಳಲ್ಲಿ ಕೆಮ್ಮು ನಿಂತು ಹಸಿವು ಹುಟ್ಟುವದು. ನಿದ್ರಿಸುವ ಕ್ರಿಮಿಗಳು ಮಾತ್ರ ಬಹಳ ನಿಧಾನವಾಗಿ ಸಾಯುವವು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಲೆಕ್ಕವನ್ನು ಇಟ್ಟುದು ಅವುಗಳ ಸಲುವಾಗಿ. ನಡುವೆ ಬಿಟ್ಟರೆ ಅವು ಏಳುವವು. ಕೆಲವು ಸಲ ಔಷಧಕ್ಕೆ ಮಣಿಯದಂತಾಗಿ ಏಳುವವು.

ಹಿಂದೆ ನಮ್ಮ ಭಾಗದವರು ಸಾಂಗ್ಲಿ-ಮಿರಜಗಳ ನಡುವಣ ವಾನ್ಲೆಸ್‌ವಾಡಿಯ ಆರೋಗ್ಯಧಾಮಕ್ಕೆ ಹೋಗುತ್ತಿದ್ದರು. ಔಷಧವಿಲ್ಲದ ಕಾಲದಲ್ಲಿ ಗಾಳಿ, ವಿಶ್ರಾಂತಿ, ಒಳ್ಳೆಯ ಊಟಗಳೇ ಉಪಚಾರ. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಸಂಶೋಧನೆಯು, ಮನೆಯಲ್ಲಿದ್ದೇ ಔಷಧ ತೆಗೆದುಕೊಂಡವರೂ ಆರೋಗ್ಯಧಾಮದವರಂತೆಯೇ ಗುಣಹೊಂದುವರೆಂದು 1959ರಲ್ಲಿ ತೋರಿಸಿತು. ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಕಾಣಲಿಲ್ಲ. ಗಂಗಾಳ, ಚರಿಗೆಗಳನ್ನು ಬೇರೆ ಇಡುವವರಿಗೆ ಒಂದು ಮಾತು: ಈ ರೋಗ ಹರಡುವದು ಗಾಳಿಯಿಂದ, ಗಂಗಾಳದಿಂದಲ್ಲ. ಕಿಟಕಿ ತೆರೆದಿಡಿರಿ.

ಹಳಬರು ಊಟಕ್ಕೆ ಕೊಟ್ಟ ಮಹತ್ವವು ತಪ್ಪಾಗಿರಲಿಲ್ಲ. ಹಸಿದ ಮೈಯಲ್ಲಿ ಕಾವಲು ಕಣಗಳೂ ಹಸಿದಿರುವವು. ಝಾರ್ಖಂಡದಲ್ಲಿ 2019ರಿಂದ 2022ರ ವರೆಗೆ ನಡೆದ ಪ್ರಯೋಗವೊಂದರಲ್ಲಿ ರೋಗಿಗಳ ಮನೆಯವರಿಗೆ ಹೆಚ್ಚಿನ ಪಡಿಯನ್ನು ಕೊಡಲಾಗಿ, ಅವರಲ್ಲಿ ಹೊಸದಾಗಿ ಕ್ಷಯ ಬರುವದು ಶೇಕಡಾ 39ರಷ್ಟು ಕಡಿಮೆಯಾಯಿತು. ಸರಕಾರವು ರೋಗಿಯ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರದಿಂದ 1,000ಕ್ಕೆ ಏರಿಸಿದೆ. ಬರಗಾಲದ ನಮ್ಮ ತಾಲೂಕಿನಲ್ಲಿ ಇದನ್ನು ಕೇಳಿ ಪಡೆಯಲು ನಾಚಬೇಕಾಗಿಲ್ಲ. ಇನ್ನೊಂದು: ಮೊಣಕಾಲು ನೋವಿಗೆಂದು ಬಲ್ಲವರ ಚೀಟಿಯಿಲ್ಲದೆ ನುಂಗುವ ಕೆಲವು ಗುಳಿಗೆಗಳಲ್ಲಿ ಸ್ಟೆರಾಯ್ಡ್ ಇರುವದುಂಟು. ಅದು ಉರಿಯೂತವನ್ನು ತಗ್ಗಿಸುವಾಗ ಕಾವಲುಗಾರರ ಕೈಯನ್ನೂ ಕಟ್ಟುವದು. ಮಿದುಳಿನ ಪೊರೆಯ ಕ್ಷಯದಲ್ಲಿ ವೈದ್ಯರು ಅದನ್ನೇ ಬೇಕೆಂದು ಕೊಟ್ಟು ಜೀವ ಉಳಿಸುವರು. ಆದರೆ ಅಲ್ಲಿ ಕ್ಷಯದ ಔಷಧವೂ ಜೊತೆಗಿರುವದು, ಅಳತೆಯೂ ಅವರ ಕೈಯಲ್ಲಿರುವದು.

ಹುಡುಗನ ತಂದೆ ಈ ವರ್ಷ ಕಬ್ಬಿಗೆ ಹೋಗಲಿಲ್ಲ. ಚಿಕಿತ್ಸೆ ಮೊದಲಿನಿಂದ ಸುರುವಾಗಿದೆ. ಗೋಡೆಯ ಕ್ಯಾಲೆಂಡರಿನ ಮೇಲೆ ಹುಡುಗನು ದಿನಕ್ಕೊಂದು ಗೆರೆ ಎಳೆಯುತ್ತಿರುವನು. ಮೊನ್ನೆ ಕೇಳಲಾಗಿ 111 ಗೆರೆಗಳಾಗಿವೆಯೆಂದನು.