ಒಂದು ಸೆಕೆಂಡಿಗೆ 12 ಚಿತ್ರ

ಕೈಯಲ್ಲೇ ಚಿತ್ರ ಬಿಡಿಸಿ ಒಂದು ಪುಟ್ಟ ಕಾರ್ಟೂನ್ ಸಿನಿಮಾ ಮಾಡೋಣ ಅಂತ ನಾಲ್ಕು ಜನ ಗೆಳೆಯರು ಸೇರಿದರೆ ಮೊದಲು ಏನಾಗುತ್ತದೆ? ಕಥೆ ಬೆಳೆಯುತ್ತದೆ. ಒಬ್ಬನಿಗೆ ಆನೆ ಬೇಕು, ಇನ್ನೊಬ್ಬಳಿಗೆ ರಾಕೆಟ್, ಮತ್ತೊಬ್ಬನಿಗೆ ಕೊನೆಯಲ್ಲಿ ಯುದ್ಧ. ಬೇಡ ಅನ್ನುವುದಿಲ್ಲ. ಪೆನ್ಸಿಲ್ ಚೂಪು ಮಾಡುವ ಮೊದಲು ಒಂದು ಗುಣಾಕಾರ ಮಾತ್ರ ಮಾಡಿಬಿಡಿ.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳು ಹಾದುಹೋಗುತ್ತವೆ. ಕೈಯಲ್ಲಿ ಬಿಡಿಸುವ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ಹೊತ್ತು ನಿಲ್ಲಿಸುತ್ತಾರೆ. ಹಾಗಾಗಿ ಸೆಕೆಂಡಿಗೆ 12 ಚಿತ್ರ ಸಾಕು. 20 ಸೆಕೆಂಡಿನ ಸಿನಿಮಾಕ್ಕೆ 240 ಚಿತ್ರ. ಒಂದೊಂದಕ್ಕೆ 10 ನಿಮಿಷ ಹಿಡಿದರೆ 2,400 ನಿಮಿಷ, ಅಂದರೆ 40 ಗಂಟೆ. ನಾಲ್ವರು ಹಂಚಿಕೊಂಡರೂ ತಲೆಗೆ 10 ಗಂಟೆ. ಇದು ಒಂದೇ ಒಂದು ಪಾತ್ರ ಇದ್ದರೆ. ಯುದ್ಧಕ್ಕೆ ಬರುವ ಸೈನಿಕರ ಲೆಕ್ಕ ನೀವೇ ಹಾಕಿಕೊಳ್ಳಿ.

ಅಲುಗಾಡದ 12 ಚಿತ್ರಗಳು ಓಡುವ ಮೊಲವಾಗುವುದಾದರೂ ಹೇಗೆ? ನೋಡಿದ ಚಿತ್ರ ಕಣ್ಣಿನಲ್ಲಿ ಕ್ಷಣಕಾಲ ಉಳಿಯುತ್ತದೆ, ಅದಕ್ಕೇ ಹೀಗೆ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ಅದು ಅರ್ಧ ಉತ್ತರ. ಚಿತ್ರಗಳು ಬರೀ ಉಳಿದುಬಿಟ್ಟಿದ್ದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಿತ್ತಲ್ಲ? ಮುಖ್ಯ ಕೆಲಸ ಮಿದುಳಿನದು. 1912ರಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನೋವಿಜ್ಞಾನಿ ಎರಡು ಗೆರೆಗಳನ್ನು ಬೇರೆ ಬೇರೆ ಜಾಗದಲ್ಲಿ, ಒಂದಾದ ಮೇಲೊಂದರಂತೆ ತೋರಿಸಿದ ಪ್ರಯೋಗವನ್ನು ಪ್ರಕಟಿಸಿದ. ನಡುವಿನ ಬಿಡುವು ತೀರಾ ಕಡಿಮೆಯಾದರೆ ಎರಡೂ ಒಟ್ಟಿಗೇ ಕಂಡವು. ಜಾಸ್ತಿಯಾದರೆ ಒಂದು ಮಾಯವಾಗಿ ಇನ್ನೊಂದು ಬಂದಂತೆ ಕಂಡಿತು. ಹದವಾದ ಬಿಡುವಿನಲ್ಲಿ ಮಾತ್ರ, ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದ ಹಾಗೆ ಕಂಡಿತು! ಸರಿದದ್ದನ್ನು ಯಾರೂ ಬಿಡಿಸಿರಲಿಲ್ಲ. ನೋಡುವವರ ತಲೆಯೇ ಅದನ್ನು ತುಂಬಿಕೊಂಡಿತ್ತು. ಅಂದರೆ ನಿಮ್ಮ ಸಿನಿಮಾದ ಅರ್ಧ ಕೆಲಸವನ್ನು ನೋಡುವವರು ಪುಕ್ಕಟೆಯಾಗಿ ಮಾಡಿಕೊಡುತ್ತಾರೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಎಷ್ಟು ಅಂತರ ಇರಬೇಕು ಅನ್ನುವುದನ್ನು ಮಾತ್ರ ನೀವು ತೀರ್ಮಾನಿಸಬೇಕು. ಅನಿಮೇಷನ್ನಿನ ಯೋಜನೆ ಅಂದರೆ ಮುಕ್ಕಾಲು ಪಾಲು ಈ ಅಂತರದ ಯೋಜನೆಯೇ.

ಒಂದು ಚೆಂಡು ತೆಗೆದುಕೊಳ್ಳಿ. ಅನಿಮೇಷನ್ ಕಲಿಯುವವರು ಎಲ್ಲ ಕಡೆಯೂ ಮೊದಲು ಪುಟಿಸುವುದು ಚೆಂಡನ್ನೇ. ಮೇಲಿನಿಂದ ಬೀಳುವ ಚೆಂಡನ್ನು ಸಮಾನ ಅಂತರದಲ್ಲಿ ಬಿಡಿಸಿದಿರೋ, ಅದು ಬೀಳುವುದಿಲ್ಲ, ಲಿಫ್ಟಿನಲ್ಲಿ ಇಳಿಯುತ್ತದೆ. ಬೀಳುವ ವಸ್ತುವಿನ ವೇಗ ಕ್ಷಣಕ್ಷಣಕ್ಕೂ ಏರುತ್ತದೆ ತಾನೆ? ಗೆಲಿಲಿಯೋ ಇಳಿಜಾರಿನ ಮೇಲೆ ಗುಂಡು ಉರುಳಿಸಿ ಇದರ ಲೆಕ್ಕ ಹಿಡಿದ. ಸಮಾನ ಹೊತ್ತಿನ ತುಂಡುಗಳಲ್ಲಿ ಅದು ಸಾಗುವ ದೂರ 1, 3, 5, 7, 9, 11 ಹೀಗೆ ಬೆಸ ಸಂಖ್ಯೆಗಳಲ್ಲೇ ಬೆಳೆಯುತ್ತದೆ. ಒಂದು ಪಾಲಿಗೆ 3 ಮಿಲಿಮೀಟರ್ ಇಟ್ಟುಕೊಳ್ಳೋಣ. ಕಾಗದದ ಮೇಲ್ತುದಿಯಲ್ಲಿ ಚೆಂಡು ಹೊರಡುವ ಜಾಗಕ್ಕೆ ಸೊನ್ನೆ ಬರೆಯಿರಿ. ಅಲ್ಲಿಂದ ಕೆಳಕ್ಕೆ 3, 12, 27, 48, 75, 108 ಮಿಲಿಮೀಟರ್‌ಗಳಲ್ಲಿ ಗುರುತು ಹಾಕಿ. ಕೊನೆಯದು ನೆಲ. ಆರು ಹೆಜ್ಜೆ, ಅಂದರೆ ಅರ್ಧ ಸೆಕೆಂಡು. ಅಷ್ಟು ಹೊತ್ತಿನಲ್ಲಿ ನಿಜವಾದ ಚೆಂಡು ಸುಮಾರು 1.2 ಮೀಟರ್ ಬೀಳುತ್ತದೆ. ಹಾಗಾಗಿ ನಿಮ್ಮ ಚೆಂಡು 2 ಸೆಂಟಿಮೀಟರ್ ಅಗಲವಿದ್ದರೆ ಅದು ಫುಟ್‌ಬಾಲ್, 6 ಮಿಲಿಮೀಟರ್ ಇದ್ದರೆ ಟೆನಿಸ್ ಚೆಂಡು!

ನೆಲ ಮುಟ್ಟಿದ ಚಿತ್ರದಲ್ಲಿ ಚೆಂಡನ್ನು ಸ್ವಲ್ಪ ಚಪ್ಪಟೆ ಮಾಡಿ. ಎತ್ತರ ಕಡಿಮೆಯಾದಷ್ಟು ಅಗಲ ಹೆಚ್ಚಬೇಕು, ಇಲ್ಲದಿದ್ದರೆ ಚೆಂಡು ಸಣ್ಣದಾದ ಹಾಗೆ ಕಾಣುತ್ತದೆ. ಆಮೇಲೆ ಅದು ಮೇಲಕ್ಕೆ ಪುಟಿಯುತ್ತದೆ, ಆದರೆ ಮೊದಲಿನಷ್ಟು ಎತ್ತರಕ್ಕಲ್ಲ. ಈ ಸಲ ಐದು ಹೆಜ್ಜೆ ಮೇಲಕ್ಕೆ, ಐದು ಕೆಳಕ್ಕೆ. ಮುಂದಿನ ಸಲ ನಾಲ್ಕು-ನಾಲ್ಕು, ಮೂರು-ಮೂರು, ಎರಡು-ಎರಡು, ಒಂದು-ಒಂದು. ಸೊನ್ನೆಯ ಚಿತ್ರವನ್ನೂ ಸೇರಿಸಿ ಕೂಡಿದರೆ 37. ಮೂರು ಸೆಕೆಂಡಿಗೆ ಚೂರು ಹೆಚ್ಚು. ನಿಜವಾದ ಚೆಂಡು ಇನ್ನೂ ಕೆಲವು ಸಲ ಪುಟಿಯುತ್ತಿತ್ತು. ನಮ್ಮದು ಸೋಮಾರಿ ಚೆಂಡು, ಇರಲಿ.

37 ಚಿತ್ರ ಬಿಡಿಸಬೇಕೇ? ಬೇಕಿಲ್ಲ. ನೇರವಾಗಿ ಪುಟಿಯುವ ಚೆಂಡು ಮೇಲೇರುವಾಗ ಯಾವ ಜಾಗಗಳಲ್ಲಿ ಇರುತ್ತದೋ ಇಳಿಯುವಾಗಲೂ ಅಲ್ಲೇ ಇರುತ್ತದೆ. ಅದೇ ಹಾಳೆಗಳನ್ನು ಹಿಂದುಮುಂದಾಗಿ ಮತ್ತೆ ಫೋಟೋ ತೆಗೆಯಿರಿ. ನೆಲ ಮುಟ್ಟಿದ ಹಾಳೆಯಂತೂ ಪ್ರತಿ ಸಲಕ್ಕೂ ಅದೇ. ಕೂತು ಎಣಿಸಿದರೆ 22 ಹಾಳೆ ಸಾಕಾಗುತ್ತದೆ. ಚೆಂಡಿಗೆ ಕಣ್ಣು, ಬಾಯಿ ಬೇಕಾದರೂ ಇಡಿ. ಅದು ನಿಮ್ಮ ಕಥಾನಾಯಕ.

ಹೀಗೆ ಉಳಿತಾಯ ಮಾಡುವುದು ಕಳ್ಳತನವಲ್ಲ, ದೊಡ್ಡವರೂ ಮಾಡಿದ್ದಾರೆ. ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿ ‘ಫ್ಯಾಂಟಸ್ಮಗೋರಿ’ ಎಂಬ ಎರಡು ನಿಮಿಷಕ್ಕೂ ಚಿಕ್ಕದಾದ ಸಿನಿಮಾ ಮಾಡಿದ. ಸುಮಾರು 700 ಚಿತ್ರ, ಪ್ರತಿಯೊಂದನ್ನೂ ಎರಡೆರಡು ಸಲ ಸೆರೆಹಿಡಿದ. ನಾಯಕ ಬರೀ ಗೆರೆಗಳ ಮನುಷ್ಯ. ಕೋಲ್ ಬಿಳಿ ಕಾಗದದಲ್ಲಿ ಕಪ್ಪು ಗೆರೆ ಎಳೆದ, ಪರದೆಗೆ ನೆಗೆಟಿವ್ ಹಾಕಿದ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಗೆರೆಗಳೇ ಕುಣಿದಾಡಿದ ಹಾಗೆ ಕಂಡಿತು. ಅಮೆರಿಕದ ವಿನ್ಸರ್ ಮೆಕ್ಕೇ 1914ರಲ್ಲಿ ಗರ್ಟಿ ಎಂಬ ಡೈನೋಸಾರನ್ನು ಕುಣಿಸಿದಾಗ ಇಷ್ಟು ಸುಲಭದ ದಾರಿ ಹಿಡಿಯಲಿಲ್ಲ. ಗರ್ಟಿ ಕತ್ತು ಅಲ್ಲಾಡಿಸಿದರೂ ಹಿಂದಿನ ಕಲ್ಲು, ಬೆಟ್ಟ, ನೀರು ಎಲ್ಲವನ್ನೂ ಪ್ರತಿ ಹಾಳೆಯಲ್ಲೂ ಹೊಸದಾಗಿ ಎಳೆಯಬೇಕಿತ್ತು. ಹಾಳೆಗಳೋ ಸಾವಿರಾರು. ಆ ಹಿನ್ನೆಲೆಗಳನ್ನು ಪಾಪ, ಜಾನ್ ಫಿಟ್ಜ್‌ಸಿಮನ್ಸ್ ಎಂಬ ಕಲಾ ವಿದ್ಯಾರ್ಥಿ ನಕಲು ಮಾಡುತ್ತ ಕೂತ. ಆದರೆ ಮೆಕ್ಕೇಯಿಂದ ಕಲಿಯುವುದು ಬಹಳ ಇದೆ. ಅವನು ಮುಖ್ಯ ಭಂಗಿಗಳನ್ನು ಮೊದಲು ಬಿಡಿಸಿ ನಡುವಿನವನ್ನು ಆಮೇಲೆ ತುಂಬಿದ. ಹಾಳೆಗಳು ಅತ್ತಿತ್ತ ಜರುಗದಿರಲಿ ಎಂದು ಅಂಚಿನಲ್ಲಿ ಗುರುತು ಹಾಕಿದ. ಗರ್ಟಿಯ ಉಸಿರಾಟಕ್ಕೆ ಎಷ್ಟು ಹೊತ್ತು ಬೇಕೆಂದು ತಿಳಿಯಲು ತನ್ನ ಉಸಿರನ್ನೇ ಗಡಿಯಾರ ಹಿಡಿದು ಅಳೆದ. ಅವನ ಆ ಗಡಿಯಾರದ ಕೆಲಸವನ್ನು ನಿಮ್ಮ ಫೋನಿನ ಸ್ಟಾಪ್‌ವಾಚ್ ಮಾಡುತ್ತದೆ. ಪಾತ್ರ ಏನು ಮಾಡುತ್ತದೋ ಅದನ್ನು ನೀವೇ ಎದ್ದು ನಿಂತು ಮಾಡಿ, ಗೆಳೆಯರು ಹೊತ್ತು ಅಳೆಯಲಿ. ತಿರುಗಿ ನೋಡುವುದಕ್ಕೆ ಅರ್ಧ ಸೆಕೆಂಡು ಬೇಕಾಯಿತೇ? ಆರು ಚಿತ್ರ.

ಇಷ್ಟಾದ ಮೇಲೆ ಕಥೆಗೆ ಬನ್ನಿ. ಅದು ಒಂದೇ ವಾಕ್ಯದಲ್ಲಿ ಮುಗಿಯಬೇಕು: ಚೆಂಡು ಬಿತ್ತು, ಪುಟಿಯಿತು, ಬೆಕ್ಕು ಎದ್ದಿತು. ಒಂದು ಹಾಳೆಯಲ್ಲಿ ಆರೋ ಎಂಟೋ ಚೌಕ ಹಾಕಿ ಕಥೆಯನ್ನು ಒರಟಾಗಿ ಬಿಡಿಸಿ. ಇದೇ ಸ್ಟೋರಿಬೋರ್ಡ್. ಪ್ರತಿ ಚೌಕದ ಕೆಳಗೆ ಎಷ್ಟು ಸೆಕೆಂಡು, ಎಷ್ಟು ಚಿತ್ರ ಎಂದು ಬರೆಯಿರಿ. ಆಮೇಲೆ ಆ ಚೌಕಗಳನ್ನೇ ಫೋಟೋ ತೆಗೆದು, ಒಂದೊಂದೂ ಅದರ ಹೊತ್ತಿನಷ್ಟು ನಿಲ್ಲುವಂತೆ ಜೋಡಿಸಿ ನೋಡಿ. ಬೇಸರ ಬರುವ ಜಾಗ ಅಲ್ಲೇ ಗೊತ್ತಾಗುತ್ತದೆ. ಒಂದು ಚೌಕ ಹೊಡೆದುಹಾಕಿದರೆ ಹೋಗುವುದು ಒಂದೇ ನಿಮಿಷದ ಕೆಲಸ, 40 ಚಿತ್ರ ಬಿಡಿಸಿದ ಮೇಲೆ ಹೊಡೆದುಹಾಕಿದರೆ ಅಳು ಬರುತ್ತದೆ. ಬೆಕ್ಕು ಮಲಗಿರುವ ಹೊತ್ತಿಗೆ ಒಂದೇ ಚಿತ್ರ ನಿಲ್ಲಿಸಿ, ಬಾಲದ ತುದಿ ಮಾತ್ರ ಅಲ್ಲಾಡಲಿ. ಯಾರೂ ನಿಮ್ಮನ್ನು ಸೋಮಾರಿ ಅನ್ನುವುದಿಲ್ಲ.

ಫೋಟೋ ತೆಗೆಯುವಾಗ ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಪುಸ್ತಕಗಳ ಮಧ್ಯೆ ಅಲುಗಾಡದಂತೆ ಸಿಕ್ಕಿಸಿ. ಕಿಟಕಿಯ ಬೆಳಕನ್ನು ನಂಬಬೇಡಿ. ಒಂದು ಮೋಡ ಹಾದುಹೋದರೆ ಸಿನಿಮಾ ಮಿಣಮಿಣ ಅನ್ನುತ್ತದೆ. ಪರದೆ ಎಳೆದು ಒಂದೇ ದೀಪ ಹಚ್ಚಿ. ಫೋನ್ ತಾನಾಗಿಯೇ ಬೆಳಕು ಮತ್ತು ಫೋಕಸ್ ಬದಲಿಸದಂತೆ ಲಾಕ್ ಮಾಡಿ. ಎಲ್ಲ ಹಾಳೆಗಳ ಮೂಲೆಗೂ ಮೊದಲೇ ನಂಬರ್ ಹಾಕಿ, ಫ್ಯಾನ್ ಆರಿಸಿ. ಗಾಳಿಗೆ ಹಾರಿ ಬೆರೆತುಹೋದ ಚೆಂಡುಗಳಲ್ಲಿ ಹನ್ನೊಂದನೆಯದು ಯಾವುದು, ಹನ್ನೆರಡನೆಯದು ಯಾವುದು ಎಂದು ಬಿಡಿಸಿದವರಿಗೂ ಗೊತ್ತಾಗುವುದಿಲ್ಲ.