ಔಷಧಿ ಡಬ್ಬಿಯ ಬಣ್ಣ ಹೇಳದೇ ಬಿಡುವುದು

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್‌ನವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡು ಬಂದಿದ್ದರೆ ಕ್ಷಮಿಸಿ. ನಾನು ಮಾತಾಡುವುದು ವಿಷದ ಬಗ್ಗೆ. ಹೊಲಕ್ಕೆ ಹೊಡೆಯುವ ವಿಷವನ್ನು ನಾವೆಲ್ಲ ಔಷಧಿ ಅಂತಲೇ ಕರೆಯುತ್ತೇವೆ. ನಾನೂ ಹಾಗೇ ಕರೆಯುತ್ತೇನೆ.

ಆ ಔಷಧಿ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದಂಥ ಒಂದು ಚೌಕ ಇರುತ್ತದೆ. ಅದರ ಕೆಳಗಿನ ತ್ರಿಕೋನಕ್ಕೆ ಕೆಂಪು, ಹಳದಿ, ನೀಲಿ ಇಲ್ಲವೇ ಹಸಿರು ಬಣ್ಣ. ಕೇಂದ್ರ ಸರ್ಕಾರದ 1971ರ ಕೀಟನಾಶಕ ನಿಯಮಗಳು ಹಾಕಿಸಿದ ಗುರುತು ಅದು. ಬಣ್ಣ ಗೊತ್ತುಮಾಡುವುದು ಹೇಗೆ? ಪ್ರಯೋಗಾಲಯದ ಪ್ರಾಣಿಗಳಿಗೆ, ಸಾಮಾನ್ಯವಾಗಿ ಇಲಿಗಳಿಗೆ, ಕೊಟ್ಟು ನೋಡುತ್ತಾರೆ. ಅರ್ಧದಷ್ಟು ಇಲಿಗಳು ಸಾಯಲು ಎಷ್ಟು ಬೇಕು ಎಂಬುದೇ ಲೆಕ್ಕ. ಇದಕ್ಕೆ ಎಲ್‌ಡಿ 50 ಎಂದು ಹೆಸರು. ಬ್ರಿಟನ್ನಿನ ಟ್ರೆವನ್ ಎಂಬ ವಿಜ್ಞಾನಿ 1927ರಲ್ಲಿ ಹೇಳಿಕೊಟ್ಟದ್ದು. ಬಾಯಿಂದ ಹೊಟ್ಟೆಗೆ ಹೋದಾಗ ಮೈತೂಕದ ಕಿಲೋಗೆ 50 ಮಿಲಿಗ್ರಾಂ ಒಳಗೇ ಸತ್ತರೆ ಕೆಂಪು, 500ರವರೆಗೆ ಹಳದಿ, 5,000ದವರೆಗೆ ನೀಲಿ, ಅದಕ್ಕೂ ಮೀರಿದರೆ ಹಸಿರು.

ಅಂದರೆ ಆ ಬಣ್ಣ ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಒಂದೇ ಸಲ ಹೊಟ್ಟೆಗೆ ಹೋದರೆ ಸಾಯುತ್ತದೆಯೋ ಇಲ್ಲವೋ? ಹತ್ತು ವರ್ಷ ಸ್ವಲ್ಪ ಸ್ವಲ್ಪವೇ ಮೈಗೆ ತಾಗಿದರೆ ಏನು, ಹೊಟ್ಟೆಯಲ್ಲಿರುವ ಮಗುವಿಗೆ ಏನು ಎಂಬುದನ್ನು ಅದು ಹೇಳುವುದಿಲ್ಲ.

ಇದು ಸುಮ್ಮನೆ ಹೇಳುವ ಮಾತಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ದೆ ಮಾತ್ರೆ ಮಾರಾಟಕ್ಕೆ ಬಂತು. ಎಷ್ಟು ತಿನ್ನಿಸಿದರೂ ಇಲಿ ಸಾಯುವುದಿಲ್ಲ ಎಂಬುದೇ ಅದರ ಹೆಗ್ಗಳಿಕೆ. ಬಸುರಿಯರು ವಾಕರಿಕೆಗೆಂದು ಅದನ್ನು ನುಂಗಿದರು. 1961ರ ಕೊನೆಗೆ ಮಾತ್ರೆಯನ್ನು ಅಲ್ಲಿ ಹಿಂದಕ್ಕೆ ಪಡೆದರು. ಅಷ್ಟರಲ್ಲಿ ಅದು ಹಲವು ದೇಶಗಳಿಗೆ ಹೋಗಿತ್ತು. ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ ಮಕ್ಕಳು ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು. ಆಮೇಲೆ ಪರೀಕ್ಷೆ ಮಾಡಿದರೆ ಮೊಲದ ಮರಿಗಳಲ್ಲಿ ಊನ ಕಂಡಿತು, ಇಲಿಯ ಮರಿಗಳಲ್ಲಿ ಹಾಗೆ ಕಾಣಲಿಲ್ಲ. ಇಲಿ ಸುಳ್ಳು ಹೇಳಲಿಲ್ಲ, ಅದು ಇಲಿಯ ವಿಷಯ ಹೇಳಿತು, ಅಷ್ಟೇ.

ಹಾಗಾದರೆ ಮನುಷ್ಯನ ವಿಷಯವನ್ನು ಯಾರನ್ನು ಕೇಳಬೇಕು? ಮನುಷ್ಯನ ಜೀವಕೋಶವನ್ನೇ ಕೇಳಬಹುದು. ಒಂಬತ್ತನೇ ತರಗತಿಯಲ್ಲಿ ನಾವು ಚಿತ್ರ ಬರೆದು ಭಾಗ ಗುರುತಿಸಿದೆವಲ್ಲ, ಅದೇ ಜೀವಕೋಶ. ಮೈಯಿಂದ ಹೊರಗೆ, ಗಾಜಿನ ಇಲ್ಲವೇ ಪ್ಲಾಸ್ಟಿಕ್ಕಿನ ತಟ್ಟೆಯಲ್ಲಿ ಸಕ್ಕರೆ, ಅಮೈನೋ ಆಮ್ಲ ಸೇರಿದ ಪೋಷಕ ದ್ರವ ಹಾಕಿ ಅದನ್ನು ಬೆಳೆಸುತ್ತಾರೆ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್, ಭ್ರೂಣದ ಆರಂಭದಲ್ಲಿರುವ ಆಕರಕೋಶಗಳನ್ನು, ಅಂದರೆ ಮುಂದೆ ಚರ್ಮ, ಎಲುಬು, ನರ ಏನು ಬೇಕಾದರೂ ಆಗಬಲ್ಲ ಕೋಶಗಳನ್ನು, ಹೀಗೆ ಬೆಳೆಸಿದರು.

ಕೋಶ ಸತ್ತಿತೋ ಬದುಕಿತೋ ಎಂದಷ್ಟೇ ನೋಡಿದರೆ ಮತ್ತೆ ಇಲಿಯ ಲೆಕ್ಕವೇ ಆಯಿತು. ಹಸುವಿಗೆ ಹುಷಾರಿಲ್ಲ ಎಂಬುದು ಮನೆಯ ಅಜ್ಜಿಗೆ ಡಾಕ್ಟರಿಗಿಂತ ಮೊದಲೇ ಹೇಗೆ ಗೊತ್ತಾಗುತ್ತದೆ? ಗೋದಲಿಯಲ್ಲಿ ಉಳಿದ ಮೇವು ನೋಡುತ್ತಾಳೆ, ಸಗಣಿ ನೋಡುತ್ತಾಳೆ. ಇಲ್ಲೂ ಅದೇ ಉಪಾಯ. ರಾಸಾಯನಿಕ ಹಾಕಿ ಕೆಲವು ದಿನ ಬಿಟ್ಟು ತಟ್ಟೆಯ ದ್ರವವನ್ನು ತೆಗೆಯುತ್ತಾರೆ. ಕೋಶ ಏನು ತಿಂದಿದೆ, ಏನು ಹೊರಗೆ ಬಿಟ್ಟಿದೆ ಎಂಬುದನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ, ಅಣುಗಳನ್ನೇ ತೂಗುವ ಯಂತ್ರ ಅಳೆಯುತ್ತದೆ. 2013ರಲ್ಲಿ ಪ್ರಕಟವಾದ ಒಂದು ವಿಧಾನದಲ್ಲಿ ನೋಡುವುದು ಎರಡೇ ವಸ್ತು: ಕೋಶ ಹೊರಗೆ ಬಿಡುವ ಆರ್ನಿಥಿನ್, ಒಳಗೆ ಎಳೆದುಕೊಳ್ಳುವ ಸಿಸ್ಟಿನ್. ಇವುಗಳ ಪ್ರಮಾಣ ಒಂದು ಮಟ್ಟಕ್ಕಿಂತ ಏರುಪೇರಾದರೆ ಆ ರಾಸಾಯನಿಕದ ಮೇಲೆ ಅನುಮಾನ. ಕೋಶ ಸಾಯುವವರೆಗೆ ಕಾಯಬೇಕಿಲ್ಲ.

ಬಿಇ ಓದಿದ ನನಗೆ ಇಲ್ಲೇನು ಕೆಲಸ ಅಂತ ಕೇಳಬಹುದು. ಯಂತ್ರ ಕೊಡುವುದು ಸಾವಿರಾರು ಗೆರೆಗಳ ಗುಡ್ಡೆ. ಔಷಧಿ ಮುಟ್ಟಿಸದ ಕೋಶಗಳೂ ಸೋಮವಾರ ಒಂದು ಥರ, ಗುರುವಾರ ಇನ್ನೊಂದು ಥರ. ದಿನದ ವ್ಯತ್ಯಾಸ ಯಾವುದು, ವಿಷದ ವ್ಯತ್ಯಾಸ ಯಾವುದು ಎಂದು ಬೇರ್ಪಡಿಸುವುದು ಪ್ರೋಗ್ರಾಮಿನ ಕೆಲಸ. ಹೊಟ್ಟು ತೂರಿದ ಹಾಗೆ.

ಇದನ್ನು ದೊಡ್ಡದು ಮಾಡಿ ಹೇಳಲಾರೆ. ಇದೇ ವಿಧಾನದಲ್ಲಿ 1,065 ರಾಸಾಯನಿಕಗಳನ್ನು ಪರೀಕ್ಷಿಸಿದ ಅಧ್ಯಯನ 2020ರಲ್ಲಿ ಬಂತು. ಅದು ಸುಮಾರು ಶೇ 19ರಷ್ಟರ ಮೇಲೆ ಬೊಟ್ಟು ಮಾಡಿತು. ಆದರೆ ಹಾನಿಕರವೆಂದು ಮೊದಲೇ ಗೊತ್ತಿದ್ದವನ್ನು ಇಟ್ಟು ತಾಳೆ ನೋಡಿದಾಗ ಮೂರರಲ್ಲಿ ಒಂದರಷ್ಟು ಅದರ ಕೈ ತಪ್ಪಿದ್ದವು. ತಟ್ಟೆಯಲ್ಲಿ ಯಕೃತ್ತಿಲ್ಲ, ತಾಯಿಯ ರಕ್ತವಿಲ್ಲ. ಕೆಲವು ವಸ್ತು ಯಕೃತ್ತಿಗೆ ಹೋದ ಮೇಲೆಯೇ ವಿಷವಾಗುತ್ತವೆ. ಆದ್ದರಿಂದ ಈ ಪರೀಕ್ಷೆ ‘ಅಪಾಯ’ ಎಂದರೆ ನಾನು ನಂಬುತ್ತೇನೆ, ‘ಏನೂ ಇಲ್ಲ’ ಎಂದರೆ ಅಷ್ಟು ಬೇಗ ನಂಬುವುದಿಲ್ಲ.

ಭಾರತದಲ್ಲಿ 2023ರಲ್ಲಿ ಹೊಸ ಮದ್ದುಗಳ ನಿಯಮ ತಿದ್ದಿ, ಪ್ರಾಣಿಗಳ ಬದಲು ಇಂಥ ಕೋಶಪರೀಕ್ಷೆಗಳಿಗೂ ದಾರಿ ಮಾಡಿದ್ದಾರೆ. ಅದು ಆಸ್ಪತ್ರೆಯ ಮದ್ದಿಗೆ. ಹೊಲದ ಔಷಧಿ ಡಬ್ಬಿಯ ಬಣ್ಣ ಇನ್ನೂ ಎಲ್‌ಡಿ 50ರದೇ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಕ್ಕನೊಬ್ಬರು ಕೇಳಿದರು: “ಹಸಿರು ಗುರುತಿನ ಔಷಧಿ ಹೊಡೆದ ಮಾರನೇ ದಿನ ಬಸುರಿ ಹೆಂಗಸರು ಕಳೆ ಕೀಳಲು ಹೋಗಬಹುದೇನಪ್ಪ?” ಅಕ್ಕಾ, ಆ ಹಸಿರು ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಅಲ್ಲ. ಡಬ್ಬಿಯ ಜೊತೆ ಬರುವ ಚೀಟಿಯನ್ನು ಮಕ್ಕಳ ಕೈಲಿ ಜೋರಾಗಿ ಓದಿಸಿ ಕೇಳಿ. ನಮ್ಮ ಮನೆಯವರಾಗಿದ್ದರೆ ನಾನು ಕಳಿಸುತ್ತಿರಲಿಲ್ಲ.